ತಲೆಗೊಂದು ಟವೆಲು

ಬೆಳಗಿನ ಐದೂವರೆ. ಸರೋವರದ ಮೇಲಿನ ಮಂಜು ಇನ್ನೂ ಕರಗಿಲ್ಲ. ಊರು ನೋಡಲು ಬಂದವರೆಲ್ಲ ಲಾಡ್ಜುಗಳಲ್ಲಿ ಮುಸುಕು ಹೊದ್ದು ಮಲಗಿದ್ದಾರೆ. ನಿನ್ನೆ ಕೋಣೆ ಖಾಲಿ ಮಾಡಿ ಹೋದವರ ಹಾಸಿಗೆಯ ಬಟ್ಟೆಗಳು ಮಾತ್ರ ಆಗಲೇ ಗಂಟು ಕಟ್ಟಿಸಿಕೊಂಡು, ಮೂರು ಗಾಲಿಯ ಗಾಡಿ ಹತ್ತಿ, ಬಸ್ ನಿಲ್ದಾಣದ ಹಿಂದಿನ ಇಳಿಜಾರಿಗೆ ಬಂದು ಬಿದ್ದಿವೆ.

ಅಲ್ಲಿ ತಗಡಿನ ಮಾಡಿನ ಒಂದು ಶೆಡ್ಡು. ಅದರ ಮುಂದೆ ಐವತ್ತಮೂರರ ಹೆಂಗಸೊಬ್ಬರು ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಮೊದಲನೆಯ ಗಂಟು ಬಿಚ್ಚುತ್ತಾರೆ. ಬೆಡ್‌ಶೀಟಿನ ಮೂಲೆ ಹಿಡಿದು ನೋಡುತ್ತಾರೆ. ಕೆಂಪು ದಾರದಲ್ಲಿ ಮೂರು ಹೊಲಿಗೆ ಇದ್ದರೆ ಅದು ಮೆಟ್ಟಿಲ ಪಕ್ಕದ ಲಾಡ್ಜು. ಹಸಿರು ದಾರ ದೋಣಿಕಟ್ಟೆಯದು. ಕಪ್ಪು ದಾರ ಪೆಟ್ರೋಲ್ ಬಂಕ್ ಎದುರಿನದು. ಹನ್ನೊಂದು ಲಾಡ್ಜಿಗೆ ಹನ್ನೊಂದು ದಾರ. ಬಣ್ಣ ನೋಡಿ ಎಸೆಯುತ್ತಾರೆ, ಎಸೆದದ್ದು ನೇರವಾಗಿ ಆಯಾ ರಾಶಿಗೇ ಬೀಳುತ್ತದೆ. ನಡುನಡುವೆ ಒಂದೊಂದು ತೀರ್ಪು ಬೇರೆ.

“ಇಲ್ಲಿ ಚಿಕ್ಕ ಮಗು ಇತ್ತು. ಇವರು ಹಾಸಿಗೆ ಮೇಲೇ ಕೂತು ಬಿಸ್ಕತ್ತು ತಿಂದಿದ್ದಾರೆ. ಇದು ನೋಡಿ, ಇವರಿಬ್ಬರೂ ಜಗಳ ಆಡಿದ್ದಾರೆ.”

ಜಗಳ ಆಡಿದ್ದು ಶೀಟಿನಿಂದ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಅವರಿಗೆ ಆಶ್ಚರ್ಯ. “ನಡುವೆ ಒಂದು ಸುಕ್ಕೂ ಇಲ್ಲ. ಒಬ್ಬರು ಆ ಅಂಚಲ್ಲಿ, ಇನ್ನೊಬ್ಬರು ಈ ಅಂಚಲ್ಲಿ ಮಲಗಿದ್ದಾರೆ. ಪಾಪ, ದುಡ್ಡು ಖರ್ಚು ಮಾಡಿ ಬಂದು ಜಗಳ ಆಡ್ಕೊಂಡು ಹೋದರು.”

ಊರಿನವರಿಗೆ ಇವರು ಲಾಂಡ್ರಿ ಅಕ್ಕ. ಪ್ರವಾಸಿಗರಿಗೆ ಇವರು ಏನೂ ಅಲ್ಲ. ವರ್ಷಕ್ಕೆ ಲಕ್ಷದಷ್ಟು ಮಂದಿ ಇವರು ಒಗೆದು ಮಡಚಿದ ಬಟ್ಟೆಯ ಮೇಲೆ ಹಾಯಾಗಿ ನಿದ್ದೆ ಹೊಡೆದು, ಸರೋವರದ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅಕ್ಕನ ಫೋಟೊ ತೆಗೆದವರು ಈವರೆಗೆ ಯಾರೂ ಇಲ್ಲ. ನಮ್ಮ ಛಾಯಾಗ್ರಾಹಕರು ಕ್ಯಾಮೆರಾ ಎತ್ತಿದಾಗ ಅವರು ಗಾಬರಿಯಾಗಿ ಪಕ್ಕಕ್ಕೆ ಸರಿದು, ಹಗ್ಗದ ಮೇಲಿನ ಶೀಟುಗಳಿಗೆ ಜಾಗ ಬಿಟ್ಟುಕೊಟ್ಟರು. ಫೋಟೊ ಶೀಟುಗಳದ್ದೇ ಇರಬೇಕು ಎಂದುಕೊಂಡಿದ್ದರು.

ಮದುವೆಯಾಗಿ ಈ ಊರಿಗೆ ಬಂದಾಗ ಅಕ್ಕನಿಗೆ ಇಪ್ಪತ್ತೆರಡು. ಆಗ ಇಲ್ಲಿ ಇದ್ದದ್ದು ಆರು ಕೋಣೆಯ ಒಂದೇ ಲಾಡ್ಜು. ಅದರ ಬಟ್ಟೆಗಳನ್ನು ಹಿತ್ತಲಿನ ಕಲ್ಲಿನ ಮೇಲೆ ಒಗೆದರು. ಗಂಡ ಇಸ್ತ್ರಿ ಹಾಕಿದರು. ಲಾಡ್ಜುಗಳು ಒಂದರ ಪಕ್ಕ ಒಂದು ಎದ್ದಂತೆ ಗಂಟುಗಳೂ ಬೆಳೆದವು. ಹನ್ನೆರಡು ವರ್ಷದ ಹಿಂದೆ ಆಸ್ಪತ್ರೆಯೊಂದು ಹರಾಜಿಗೆ ಹಾಕಿದ ಎರಡು ಹಳೆಯ ಒಗೆಯುವ ಯಂತ್ರಗಳನ್ನು ತಂದರು. ಒಂದು ಇಂದಿಗೂ ಚೆನ್ನಾಗಿದೆ. ಇನ್ನೊಂದು ನೀರು ಹಿಂಡುವಾಗ ಶೆಡ್ಡನ್ನೇ ಹೊತ್ತುಕೊಂಡು ಹೋಗುವಂತೆ ಕುಣಿಯುತ್ತದೆ, ಅದಕ್ಕೆ ಆಗ ಯಾರಾದರೂ ಅದರ ಮೇಲೆ ಕೂರಬೇಕು. ಕೂರುವ ಕೆಲಸ ಅಕ್ಕನದೇ. “ದಿನಕ್ಕೆ ನಾನು ಕೂರೋದು ಅಷ್ಟು ಹೊತ್ತೇ. ಚಹಾನೂ ಅದರ ಮೇಲೇ ಕುಡೀತೀನಿ. ಅರ್ಧ ಹೊರಗೆ ಚೆಲ್ಲುತ್ತೆ” ಎನ್ನುತ್ತಾರೆ.

ಕಷ್ಟಗಳನ್ನು ಕೇಳಿದರೆ ಕೈ ಚಾಚಿ ತೋರಿಸುತ್ತಾರೆ. ಸೋಡಾ ನೀರಿಗೆ ಬೆರಳುಗಳ ಸಂದಿ ಸೀಳಿದೆ. ಎರಡು ಉಗುರು ಎಂದೋ ಹೋಗಿವೆ. ಮಳೆಗಾಲದ ಮೂರು ತಿಂಗಳು ಬಿಸಿಲಿಲ್ಲ, ಪ್ರವಾಸಿಗರೂ ಇಲ್ಲ. ಆ ಮೂರು ತಿಂಗಳ ಊಟವನ್ನು ಉಳಿದ ಒಂಬತ್ತು ತಿಂಗಳಲ್ಲೇ ದುಡಿದಿಡಬೇಕು. ಇಷ್ಟನ್ನು ಹೇಳುವುದಕ್ಕೆ ಅಕ್ಕ ತೆಗೆದುಕೊಂಡ ಸಮಯ ಅರ್ಧ ನಿಮಿಷ. ತಮ್ಮ ಕಷ್ಟದ ಬಗ್ಗೆ ಮಾತಾಡುವುದೆಂದರೆ ಅವರಿಗೆ ಬೇಜಾರು. ಬೇರೆಯವರ ಶೀಟಿನ ಬಗ್ಗೆಯಾದರೆ ಮಧ್ಯಾಹ್ನದವರೆಗೂ ಮಾತಾಡುತ್ತಾರೆ.

ಈ ಲಾಂಡ್ರಿಯಲ್ಲಿ ಮೂವರೇ. ಅಕ್ಕ ಗಂಟು ಬಿಚ್ಚಿ, ಶೀಟು ಎಣಿಸಿ, ಯಂತ್ರ ನಡೆಸುತ್ತಾರೆ. ಯಜಮಾನರು ಇಸ್ತ್ರಿ ಹಾಕುತ್ತಾರೆ. ದಿನಕ್ಕೆ ಅವರು ಆಡುವುದು ಎರಡು ಮಾತು, ಅದರಲ್ಲಿ ಒಂದು “ಹೂಂ”. ಮೂರನೆಯವಳು ಯಜಮಾನರ ತಂಗಿ, ಅಕ್ಕನ ನಾದಿನಿ. ವಯಸ್ಸು ಮೂವತ್ತೆಂಟು. ಅಣ್ಣ ಆಡದೆ ಉಳಿಸಿದ ಮಾತುಗಳನ್ನೆಲ್ಲ ಇವಳೇ ಆಡಿ ಮುಗಿಸುತ್ತಾಳೆ. ಆರು ವರ್ಷದ ಹಿಂದೆ ಅವಳು ಕೆಲಸ ಮಾಡುತ್ತಿದ್ದ ಸಿದ್ಧ ಉಡುಪಿನ ಕಾರ್ಖಾನೆ ಬಾಗಿಲು ಹಾಕಿತು. ಅವಳು ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ನಾಲ್ಕು ದಿನಕ್ಕೆಂದು ಅಣ್ಣನ ಮನೆಗೆ ಬಂದಳು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಶೀಟುಗಳ ಮೂಲೆಗೆ ಬಣ್ಣದ ದಾರ ಹಾಕಿದ್ದು ಅವಳ ಉಪಾಯ. ಟವೆಲುಗಳು ಅವಳ ಪಾಲಿನ ಕೆಲಸ.

ಆ ಟವೆಲುಗಳ ಬಗ್ಗೆ ಎರಡು ಮಾತು ಹೇಳಬೇಕು. ಈ ಊರಿಗೆ ಬಂದವರು ಸರೋವರಕ್ಕೆ ಇಳಿಯದೆ ಹೋಗುವುದಿಲ್ಲ. ಇಳಿದವರು ಒದ್ದೆ ಮೈಯಲ್ಲಿ ಬಂದು ಲಾಡ್ಜಿನ ಶೀಟಿನಲ್ಲೇ ಮೈ ಒರೆಸಿಕೊಳ್ಳುತ್ತಾರೆ. ಹಾಗಾಗಬಾರದೆಂದು ಎಲ್ಲ ಲಾಡ್ಜಿನವರೂ ಮೊದಲಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಬೀಗದ ಕೈ ಕೊಡುವಾಗ ತಲೆ ಎಣಿಸಿ ತಲೆಗೊಂದು ಟವೆಲು ಕೊಡುವುದು. ಹೋಗುವಾಗ ಅಷ್ಟೇ ಟವೆಲು ಎಣಿಸಿ ವಾಪಸು ಪಡೆಯುವುದು. ಮಗುವಿಗೂ ಒಂದು, ಅಜ್ಜನಿಗೂ ಒಂದು.

ಒಗೆಯುವವರಿಗೆ ಮಾತ್ರ ಟವೆಲಿನಲ್ಲಿ ಗಿಟ್ಟುವುದು ಏನೂ ಇಲ್ಲ. ಒಂದು ಶೀಟಿನ ಕೂಲಿ ಸಿಗಬೇಕಾದರೆ ಆರು ಟವೆಲು ಒಗೆಯಬೇಕು. ಹಾಗಾಗಿ ಅಕ್ಕ ಎಣಿಸುತ್ತಿದ್ದದ್ದು ಶೀಟು ಮಾತ್ರ. ಟವೆಲುಗಳ ಗಂಟನ್ನು ಬಿಚ್ಚದೆಯೇ ನಾದಿನಿಯ ತೊಟ್ಟಿಯ ಕಡೆ ತಳ್ಳಿಬಿಡುತ್ತಿದ್ದರು. ಈ ಒಂದು ಅಭ್ಯಾಸ ಮುಂದೆ ಅವರಿಗೆ ಎಷ್ಟು ದುಬಾರಿಯಾಗಲಿತ್ತು ಎಂಬುದನ್ನು ಅವರೇ ನಗುತ್ತ ಹೇಳುತ್ತಾರೆ. ಆಗ ಮಾತ್ರ ನಗು ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ಪುರಸಭೆಯವರು ವಸತಿ ತೆರಿಗೆ ತಂದರು. ಉದ್ದೇಶ ಒಳ್ಳೆಯದೇ. ಬರುವ ಜನ ಹೆಚ್ಚಾದರು, ಅವರು ಬಿಟ್ಟುಹೋಗುವ ಕಸವೂ ಹೆಚ್ಚಾಯಿತು. ಸರೋವರದ ದಂಡೆಗೆ ಶೌಚಾಲಯ ಬೇಕು, ದಾರಿಗೆ ದೀಪ ಬೇಕು, ಗುಡಿಸುವವರು ಬೇಕು. ಬಂದವರೇ ಒಂದಿಷ್ಟು ಕೊಡಲಿ ಎಂದು ಒಂದು ಕೋಣೆಗೆ ಒಂದು ರಾತ್ರಿಗೆ ಇಷ್ಟು ಎಂದು ಗೊತ್ತು ಮಾಡಿದರು. ಲಾಡ್ಜಿನ ಮಾಲೀಕರು ಬಾಯಿ ಬಾಯಿ ಬಡಿದುಕೊಂಡರು. ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ.

“ತೆರಿಗೆ ಲಾಡ್ಜಿನವರಿಗೆ ತಾನೆ, ನಮಗೇನು ಅಂದ್ಕೊಂಡೆ. ಅವರ ಕಡೆ ಇಲ್ಲದ ದುಡ್ಡಾ ಅಂತ ಒಳಗೊಳಗೇ ಸ್ವಲ್ಪ ಖುಷಿನೂ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ.”

ಆ ಖುಷಿ ಒಂದು ತಿಂಗಳೂ ಬಾಳಲಿಲ್ಲ. ದಿನಕ್ಕೆ ನಾನೂರ ಇಪ್ಪತ್ತರಷ್ಟು ಬರುತ್ತಿದ್ದ ಶೀಟು ಮುನ್ನೂರ ಐವತ್ತಾಯಿತು. ಆಮೇಲೆ ಮುನ್ನೂರು. ಋತುವಿನ ನಡುಮಧ್ಯದಲ್ಲಿ, ಬೀದಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ಇನ್ನೂರ ಅರವತ್ತು. ಬೀದಿ ತುಂಬ ಜನ, ಹಗ್ಗದ ಮೇಲೆ ಬಟ್ಟೆ ಇಲ್ಲ. ಇದು ಅಕ್ಕನ ತಲೆಗೆ ಹೋಗಲೇ ಇಲ್ಲ. ಹೋದದ್ದು ಒಂದೇ ಅನುಮಾನ, ಮೆಟ್ಟಿಲ ಪಕ್ಕದ ಲಾಡ್ಜಿನ ಮ್ಯಾನೇಜರು ತಮಗೆ ಗೊತ್ತಾಗದಂತೆ ಬೇರೆ ಲಾಂಡ್ರಿಗೆ ಬಟ್ಟೆ ಹಾಕುತ್ತಿದ್ದಾರೆ. ಅವರನ್ನು ನೋಡಿ ಉಳಿದವರೂ ಹಾಕುತ್ತಿದ್ದಾರೆ.

ಮ್ಯಾನೇಜರು ಇಪ್ಪತ್ತು ವರ್ಷದ ಪರಿಚಯ. ಅರವತ್ತರ ಅಂಚಿನ ಮೃದು ಮನುಷ್ಯ, ಲಾಡ್ಜಿನ ಕೌಂಟರಿನ ಹಿಂದೆಯೇ ಕೂದಲು ಬೆಳ್ಳಗಾದವರು. ಅವರನ್ನು ನೇರವಾಗಿ ಕೇಳಿದ್ದರೆ ಎರಡು ನಿಮಿಷದಲ್ಲಿ ಎಲ್ಲ ತಿಳಿಯುತ್ತಿತ್ತು. ಅಕ್ಕ ಕೇಳಲಿಲ್ಲ. ಅವರ ಜತೆ ಮಾತು ಬಿಟ್ಟರು. ಒಂದು ಭಾನುವಾರ ಬಸ್ಸು ಹತ್ತಿ ಪಕ್ಕದ ಊರಿಗೆ ಹೋದರು. ಅಲ್ಲಿನ ದೊಡ್ಡ ಲಾಂಡ್ರಿಯ ಬೇಲಿಯ ಆಚೆ ನಿಂತು, ಒಣಗಲು ಹಾಕಿದ್ದ ಶೀಟುಗಳ ಮೂಲೆಯಲ್ಲಿ ಕೆಂಪು ದಾರ ಇದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತ ಒಂದು ಗಂಟೆ ಕಳೆದರು. ಅಲ್ಲಿಯ ಕಾವಲುಗಾರ ಬಟ್ಟೆ ಕಳ್ಳಿ ಇರಬೇಕೆಂದು ಓಡಿಸಿದ.

“ದಾರ ಒಂದೂ ಇರಲಿಲ್ಲ. ಆದರೂ ನಂಬಿಕೆ ಬರ್ಲಿಲ್ಲ. ದಾರ ಕಿತ್ತು ಕೊಟ್ಟಿರ್ತಾರೆ ಅಂದ್ಕೊಂಡೆ” ಎನ್ನುತ್ತಾರೆ ಅಕ್ಕ. “ಸಿಟ್ಟಿಗೆ ಮೂರು ವಾರ ಮ್ಯಾನೇಜರ್ ಲಾಡ್ಜಿನ ದಿಂಬಿನ ಕವರನ್ನೆಲ್ಲ ಒಳಗು ಹೊರಗು ತಿರುಗಿಸಿ ಇಸ್ತ್ರಿ ಹಾಕಿಸಿ ಕಳಿಸ್ದೆ. ಅವರ ಹುಡುಗೀರು ಒಂದೊಂದಾಗಿ ತಿರುಗಿಸ್ಕೊಂಡು ಸಾಯ್ಲಿ ಅಂತ.”

ಮ್ಯಾನೇಜರಿಗೆ ಆಗ ಏನೂ ಅರ್ಥವಾಗಿರಲಿಲ್ಲವಂತೆ. “ಅಕ್ಕನಿಗೆ ಕಣ್ಣು ಮಂಜಾಗಿದೆ, ಪಾಪ, ಡಾಕ್ಟರ ಹತ್ತಿರ ಕರ್ಕೊಂಡು ಹೋಗಬೇಕು ಅಂತ ನಮ್ಮ ಮನೇಲಿ ಮಾತಾಡ್ಕೊಂಡಿದ್ವಿ” ಎಂದು ಅವರು ಗಂಭೀರವಾಗಿಯೇ ಹೇಳುತ್ತಾರೆ.

ಅನುಮಾನಕ್ಕೆ ಹೊಟ್ಟೆ ತುಂಬುವುದಿಲ್ಲ. ಶೀಟು ಕಡಿಮೆಯಾದರೂ ಶೆಡ್ಡಿನ ಬಾಡಿಗೆ ಕಡಿಮೆಯಾಗಲಿಲ್ಲ, ಕರೆಂಟಿನ ಬಿಲ್ಲೂ ಕಡಿಮೆಯಾಗಲಿಲ್ಲ. ಮೂವರ ಕೂಲಿ ಹುಟ್ಟುವಷ್ಟು ಕೆಲಸ ಇಲ್ಲ ಎಂಬುದು ಸ್ಪಷ್ಟವಾಯಿತು. ಹಾಗಾದರೆ ಹೋಗಬೇಕಾದವರು ಯಾರು? ಯಂತ್ರ ಬಿಟ್ಟು ಅಕ್ಕ ಹೋಗುವ ಹಾಗಿಲ್ಲ. ಇಸ್ತ್ರಿ ಬಿಟ್ಟು ಯಜಮಾನರೂ ಹೋಗುವ ಹಾಗಿಲ್ಲ. ಒಂದು ಸಂಜೆ ಅಕ್ಕ ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಿಂಗಳ ಕೊನೆಯವರೆಗೆ ಇರು, ಆಮೇಲೆ ಬೇರೆ ಕಡೆ ಎಲ್ಲಾದರೂ ಕೆಲಸ ನೋಡಿಕೋ ಎಂದರು. ಬೇರೆ ಕಡೆ ಎಂದರೆ ಬಂದರಿನ ನಗರ. ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿಯ ದಾರಿ. ಅಲ್ಲಿ ಮೀನು ಪ್ಯಾಕಿಂಗ್ ಶೆಡ್ಡಿನಲ್ಲಿ ಹಳೆಯ ಗೆಳತಿಯೊಬ್ಬಳು ಇದ್ದಾಳೆ.

ಸದಾ ವಟಗುಟ್ಟುವವಳು ಅಂದು ಒಂದೇ ಮಾತು ಆಡಿದಳಂತೆ, “ಆಯ್ತು ಅತ್ತಿಗೆ.” ಅಡುಗೆಮನೆಗೆ ಹೋಗಿ ಎಲ್ಲರ ತಟ್ಟೆ ತೊಳೆದಿಟ್ಟಳು. ಮಾರನೆಯ ದಿನ ಯಜಮಾನರ ಇಸ್ತ್ರಿಪೆಟ್ಟಿಗೆ ಒಂದು ಶೀಟಿನ ಮೇಲೆ ನಿಂತಲ್ಲೇ ನಿಂತು, ಅಂಗೈಯಗಲ ಸುಟ್ಟಿತು. ಮೂವತ್ತು ವರ್ಷದಲ್ಲಿ ಅವರು ಸುಟ್ಟ ಮೊದಲನೆಯ ಬಟ್ಟೆ ಅದು. ಆ ಶೀಟನ್ನು ಅಕ್ಕ ಎಸೆದಿಲ್ಲ. ಈಗಲೂ ಕಪಾಟಿನ ಅಡಿಯಲ್ಲಿ ಮಡಚಿಟ್ಟಿದ್ದಾರೆ. ಅದನ್ನು ತೋರಿಸುವಾಗ ಮಾತ್ರ ಅವರ ದನಿ ಇಳಿಯುತ್ತದೆ. “ಬೈದಿದ್ರೆ ತಡ್ಕೊತಿದ್ದೆ” ಎನ್ನುತ್ತಾರೆ.

ತಿಂಗಳು ಮುಗಿಯಲು ಐದು ದಿನ ಇತ್ತು. ಟ್ರಂಕು ಹೊರಗೆ ಬಂದಿತ್ತು. ಬೆಳಿಗ್ಗೆ ನಾದಿನಿ ಟವೆಲು ಒಣಗಲು ಹಾಕುತ್ತಿದ್ದವಳು ಅಕ್ಕನ ಬಳಿ ಬಂದಳು.

“ಅತ್ತಿಗೆ, ಹೋಗೋಕೆ ಮುಂಚೆ ಒಂದು ಮಾತು. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ. ಒಂದು ನೂರು ಕ್ಲಿಪ್ಪು ತಂದಿಡಿ. ನಾಳೆ ಟವೆಲು ಹಾಕೋರು ನೀವೇ ಅಲ್ವ, ಇರೋದು ಸಾಲಲ್ಲ.”

“ಕ್ಲಿಪ್ಪು ಯಾಕೆ ಸಾಲಲ್ಲ? ಎಂಟುನೂರಿದೆಯಲ್ಲ?”

“ಟವೆಲಿಗೆ ಎರಡು ಕ್ಲಿಪ್ಪು. ಮುನ್ನೂರ ಎಂಬತ್ತು, ಮುನ್ನೂರ ತೊಂಬತ್ತು ಟವೆಲು ಬರುತ್ತೆ. ಮೂರ್ನಾಲ್ಕು ಡಜನ್ ಮುರಿದೂ ಹೋಗಿದೆ. ಹೋದ ವರ್ಷ ಸೀಸನ್ನಲ್ಲೂ ಸಾಲ್ತಿರಲಿಲ್ಲ, ಈ ವರ್ಷನೂ ಸಾಲ್ತಿಲ್ಲ.”

ಅಕ್ಕ ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟರು. ಶೆಡ್ಡಿನ ಹಿಂದೆ ಹೋಗಿ ನೋಡಿದರು. ತಮ್ಮ ಕಡೆ ಎರಡು ಸಾಲು ಹಗ್ಗ ಬೋಳು ಬೋಳಾಗಿ ಗಾಳಿಗೆ ಅಲ್ಲಾಡುತ್ತಿತ್ತು. ನಾದಿನಿಯ ಕಡೆ ಆರು ಸಾಲು ಟವೆಲು ಒತ್ತೊತ್ತಾಗಿ ಕೂತಿತ್ತು, ಒಂದೇ ಒಂದು ಕರವಸ್ತ್ರಕ್ಕೂ ಜಾಗ ಇರಲಿಲ್ಲ. ಇಷ್ಟು ದಿನ ಇದೇ ಹಿತ್ತಲಿನಲ್ಲಿ ಓಡಾಡಿದ್ದರು. ಕೂಲಿ ಗಿಟ್ಟದ ಬಟ್ಟೆಯ ಕಡೆ ತಿರುಗಿ ನೋಡಿರಲಿಲ್ಲ, ಅಷ್ಟೆ.

“ತಲೆಗೊಂದು ಟವೆಲು. ಟವೆಲು ಕಡಿಮೆ ಆಗಿಲ್ಲ ಅಂದ್ರೆ ತಲೆ ಕಡಿಮೆ ಆಗಿಲ್ಲ. ತಲೆ ಅಷ್ಟೇ ಇದ್ದು ಶೀಟು ಕಡಿಮೆ ಆಗಿದೆ ಅಂದ್ರೆ, ಇವರೆಲ್ಲ ಎಲ್ಲಿ ಮಲಗ್ತಿದ್ದಾರೆ?” ಆ ದಿನ ತಮ್ಮನ್ನು ತಾವೇ ಕೇಳಿಕೊಂಡದ್ದನ್ನು ಅಕ್ಕ ಈಗ ನಮ್ಮನ್ನು ಕೇಳಿದಂತೆ ಕೇಳಿ, ಉತ್ತರಕ್ಕೆ ಕಾಯುತ್ತಾರೆ.

ಉತ್ತರ ಮ್ಯಾನೇಜರ ಹತ್ತಿರ ಇತ್ತು. ಒದ್ದೆ ಕೈಯಲ್ಲೇ ಅಕ್ಕ ಲಾಡ್ಜಿಗೆ ನಡೆದರು. ಮೂರು ವಾರದ ಮೌನ ಮುರಿದು ಅವರು ಕೇಳಿದ ಮೊದಲ ಪ್ರಶ್ನೆ, “ಒಂದು ಕೋಣೇಲಿ ಎಷ್ಟು ಜನ ಮಲಗ್ತಾರೆ ಮ್ಯಾನೇಜರ್ರೇ?” ಮ್ಯಾನೇಜರು ಆಚೀಚೆ ನೋಡಿ ದನಿ ತಗ್ಗಿಸಿದರು. ತೆರಿಗೆ ಕೋಣೆಗೆ ತಾನೆ, ತಲೆಗಲ್ಲವಲ್ಲ. ಮೊದಲು ಎರಡು ಕೋಣೆ ಹಿಡಿಯುತ್ತಿದ್ದ ಸಂಸಾರ ಈಗ ಒಂದೇ ಹಿಡಿಯುತ್ತದೆ. ಇಬ್ಬರು ಮಂಚದ ಮೇಲೆ, ನಾಲ್ವರು ಕೆಳಗೆ ತಾವೇ ತಂದ ಹೊದಿಕೆ ಹಾಸಿಕೊಂಡು ಮಲಗುತ್ತಾರೆ. ಗೆಳೆಯರ ಗುಂಪಾದರೆ ಏಳು, ಎಂಟು. ಉಳಿದ ಕೋಣೆಗಳಿಗೆ ಬೀಗ. ಬೀಗ ಹಾಕಿದ ಕೋಣೆಯಿಂದ ಶೀಟು ಎಲ್ಲಿಂದ ಬರಬೇಕು?

ಅಲ್ಲಿಗೆ ಅಕ್ಕನಿಗೆ ಎಲ್ಲ ಹೊಳೆಯಿತು. ತೆರಿಗೆ ಕಟ್ಟಿದವರು ಪ್ರವಾಸಿಗರು. ವಸೂಲು ಮಾಡಿ ಪುರಸಭೆಗೆ ಕೊಟ್ಟವರು ಲಾಡ್ಜಿನವರು. ಅದರ ಭಾರ ಹೊತ್ತು ಊರು ಬಿಡಲು ಹೊರಟವಳು ಮಾತ್ರ, ಈ ಎರಡರಲ್ಲೂ ಇಲ್ಲದ ನಾದಿನಿ. ಇಂಥದ್ದನ್ನು ಬಲ್ಲವರು ದೊಡ್ಡ ದೊಡ್ಡ ಪದಗಳಲ್ಲಿ ವಿವರಿಸುತ್ತಾರೆ. ಅಕ್ಕನಿಗೆ ಅದು ಹಗ್ಗದ ಮೇಲೆ ಕಂಡಿತು. ಮತ್ತೆ ಅವರಿಗೆ ಭಯಂಕರ ಸಿಟ್ಟು ಬಂತು. ಮೊದಲ ಸಿಟ್ಟು ತಮ್ಮ ಮೇಲೇ.

ಅದೇ ವಾರ ಪುರಸಭೆಯಲ್ಲಿ ಅಹವಾಲು ಸಭೆ ಇತ್ತು. ತೆರಿಗೆ ಅಂದುಕೊಂಡಷ್ಟು ಹುಟ್ಟಿರಲಿಲ್ಲ. ದರ ಏರಿಸಬೇಕೆಂದು ಕೆಲವು ಸದಸ್ಯರು, ತೆರಿಗೆಯನ್ನೇ ತೆಗೆದುಹಾಕಬೇಕೆಂದು ಮಾಲೀಕರು. “ಪ್ರವಾಸಿಗರು ಅರ್ಧಕ್ಕರ್ಧ ಊರು ಬಿಟ್ಟು ಓಡಿದ್ದಾರೆ” ಎಂಬುದು ಮಾಲೀಕರ ವಾದ, ಅದಕ್ಕೆ ಸಾಕ್ಷಿ ಅವರ ಖಾಲಿ ಕೋಣೆಗಳು. ದರ ಏರಿದರೆ ಇನ್ನಷ್ಟು ಕೋಣೆಗೆ ಬೀಗ. ತೆರಿಗೆ ಹೋದರೆ ದಂಡೆಯ ಶೌಚಾಲಯಕ್ಕೆ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಎಂಟು ಮಂದಿ ಗುಡಿಸುವವರಿಗೆ ಕುತ್ತು. ಎರಡರಲ್ಲಿ ಯಾವುದೂ ಊರಿಗೆ ಒಳ್ಳೆಯದಲ್ಲ ಎಂದು ಅಕ್ಕನಿಗೆ ಅನಿಸಿತು. ಆದರೆ ಬಾಯಿ ಬಿಟ್ಟರೆ ಎದುರಿಗೆ ಕೂತವರು ತಮಗೆ ಬಟ್ಟೆ ಕೊಡುವ ಹನ್ನೆರಡು ಲಾಡ್ಜಿನ ಹನ್ನೆರಡು ಮಾಲೀಕರು. ಆಗ ಹನ್ನೆರಡಿದ್ದವು.

“ಹೋಗ್ಲೋ ಬೇಡ್ವೋ ಅಂತ ಇವರನ್ನ ಕೇಳ್ದೆ” ಎನ್ನುತ್ತಾರೆ ಅಕ್ಕ, ಇಸ್ತ್ರಿ ಮೇಜಿನ ಕಡೆ ಗಲ್ಲ ತೋರಿಸಿ. “ಇವರು ‘ಹೂಂ’ ಅಂದ್ರು. ಯಾವುದಕ್ಕೆ ಹೂಂ ಅಂತ ಕೇಳ್ಲಿಲ್ಲ. ಹೊರಟೆ.”

ಎರಡು ಗಂಟು ಹೊತ್ತುಕೊಂಡು ಅಕ್ಕ, ನಾದಿನಿ ಸಭೆಗೆ ಹೋದರು. ಮೆಟ್ಟಿಲ ಪಕ್ಕದ ಲಾಡ್ಜಿನ ಒಂದು ದಿನದ ಶೀಟಿನ ಗಂಟು ಒಂದು, ಅದೇ ದಿನದ ಟವೆಲಿನ ಗಂಟು ಇನ್ನೊಂದು. ಗಡಿಬಿಡಿಯಲ್ಲಿ ಒಂದು ಎಡವಟ್ಟಾಯಿತು. ಒಗೆದು ಮಡಚಿಟ್ಟ ಗಂಟಿನ ಬದಲು ಬೆಳಿಗ್ಗೆ ಎಣಿಸಿ ಕಟ್ಟಿಟ್ಟಿದ್ದ, ಇನ್ನೂ ಒಗೆಯದ ಗಂಟುಗಳನ್ನು ಎತ್ತಿಕೊಂಡು ಬಂದಿದ್ದರು. ಅಧ್ಯಕ್ಷರ ಮೇಜಿನ ಮೇಲೆ ಗಂಟು ಬಿಚ್ಚಿದಾಗ ಸರೋವರದ ಕೆಸರು ಮೆತ್ತಿದ ಒದ್ದೆ ಟವೆಲುಗಳು ಕಾಗದಗಳ ಮೇಲೆ ಹರಡಿಕೊಂಡವು. ಅಧ್ಯಕ್ಷರು ಮೂಗಿಗೆ ಕೈ ಅಡ್ಡ ಹಿಡಿದರು. ಅಕ್ಕನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ಬಿಚ್ಚಿದ್ದಾಗಿತ್ತು.

“ಕ್ಷಮಿಸಿ ಸಾರ್. ಶೀಟು ಎಣಿಸಿ, ಹದಿನಾಲ್ಕು ಇದೆ. ಏಳು ಕೋಣೆ ಆಯ್ತು. ನೀವು ಎಣಿಸಿದ್ದು ಇದನ್ನ. ನಾನೂ ಇದನ್ನೇ ಎಣಿಸ್ತಾ ಕೂತು ಕೆಟ್ಟೆ. ಈಗ ಟವೆಲು ಎಣಿಸಿ. ಮೂವತ್ತೊಂಬತ್ತು. ಜನ ಓಡಿಹೋಗಿಲ್ಲ ಸಾರ್. ಒತ್ತಿಕೊಂಡು ಮಲಗಿದ್ದಾರೆ.”

ಸಭೆಯಲ್ಲಿ ಯಾರೋ ನಕ್ಕರು. ದೋಣಿಕಟ್ಟೆಯ ಆಚೆಯ ಲಾಡ್ಜಿನ ಮಾಲೀಕರು ಎದ್ದು, ಬಟ್ಟೆ ಒಗೆಯುವವರು ತೆರಿಗೆಯ ವಿಷಯದಲ್ಲಿ ಮೂಗು ತೂರಿಸುವುದು ಬೇಡ, ಒಬ್ಬರು ಎರಡೆರಡು ಟವೆಲು ಬಳಸಿರಬಹುದು ಎಂದರು. ಹಿಂದಿನ ಬೆಂಚಿನಿಂದ ಮ್ಯಾನೇಜರು ಎದ್ದು ನಿಂತರು. ಅವರ ಮಾಲೀಕರು ಮುಂದಿನ ಸಾಲಿನಲ್ಲೇ ಕೂತಿದ್ದರು.

“ತಲೆಗೆ ಒಂದೇ ಟವೆಲು ಸಾರ್. ಎರಡನೇದು ಕೇಳಿದ್ರೂ ಕೊಡಲ್ಲ. ಇಪ್ಪತ್ತು ವರ್ಷದಿಂದ ನನ್ನ ಕೈಯಾರೆ ಎಣಿಸಿ ಕೊಟ್ಟಿದ್ದೀನಿ. ಅಕ್ಕ ಹೇಳಿದ್ದು ಸರಿ.”

ಇಷ್ಟು ಹೇಳಿ ಅವರು ಕೂತರು. ತೆರಿಗೆ ವಿಭಾಗದ ಹುಡುಗಿಯೊಬ್ಬಳು, ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಗುಮಾಸ್ತೆ, ಮೂಗು ಮುಚ್ಚಿಕೊಳ್ಳದೆ ಟವೆಲುಗಳನ್ನು ಒಂದೊಂದಾಗಿ ಎಣಿಸಿದಳು. ಮೂವತ್ತೊಂಬತ್ತೇ ಇದ್ದವು. ಮರುದಿನದಿಂದ ಒಂದು ವಾರ ಬೆಳಗಿನ ಐದೂವರೆಗೆ ಶೆಡ್ಡಿಗೆ ಬಂದು, ಹನ್ನೆರಡು ಲಾಡ್ಜಿನ ಟವೆಲನ್ನೂ ಎಣಿಸಿ ಬರೆದುಕೊಂಡು ಹೋದಳು. ಎರಡನೆಯ ದಿನವೇ ನಾದಿನಿ ಅವಳ ಕೈಗೆ ಕ್ಲಿಪ್ಪು ಕೊಟ್ಟು, ಹೇಗೂ ಬಂದಿದ್ದೀರಲ್ಲ ಮೇಡಂ, ಅರ್ಧ ಸಾಲು ಹಾಕಿಬಿಡಿ ಎಂದಳಂತೆ.

ಎರಡು ತಿಂಗಳ ಚರ್ಚೆಯ ನಂತರ ಪುರಸಭೆ ಕೋಣೆಯ ತೆರಿಗೆ ತೆಗೆದು ತಲೆಗೆ ಹಾಕಿತು. ಒಬ್ಬರಿಗೆ ಒಂದು ರಾತ್ರಿಗೆ ಒಂದು ಚಹಾದ ಬೆಲೆಯಷ್ಟು. ಮಕ್ಕಳಿಗೆ ಇಲ್ಲ. ಒಂದು ಕೋಣೆಯಲ್ಲಿ ಎಂಟು ಜನ ಮಲಗಿದರೂ ಅಷ್ಟೇ, ನಾಲ್ಕು ಕೋಣೆಯಲ್ಲಿ ಮಲಗಿದರೂ ಅಷ್ಟೇ. ಒತ್ತಿಕೊಂಡು ಮಲಗುವುದರಲ್ಲಿ ತೆರಿಗೆಯ ಉಳಿತಾಯ ಇಲ್ಲ ಎಂದಾದ ಮೇಲೆ ಜನ ಮೆಲ್ಲಗೆ ಕೈಕಾಲು ಚಾಚಿದರು. ಬೀಗಗಳು ತೆರೆದವು, ಹೊರಡುವುದನ್ನು ಮುಂದೂಡುತ್ತ ಬಂದಿದ್ದ ನಾದಿನಿಯ ಟ್ರಂಕೂ ಮತ್ತೆ ಒಳಗೆ ಸೇರಿತು. ಪುರಸಭೆಗೆ ಹುಟ್ಟುವಳಿಯೂ ಮೊದಲಿಗಿಂತ ಹೆಚ್ಚಾಗಿದೆ ಎಂದು ಗುಮಾಸ್ತೆ ಹೇಳುತ್ತಾಳೆ. ದಂಡೆಯಲ್ಲಿ ದೀಪ ಬಂದಿದೆ, ಎರಡನೆಯ ಶೌಚಾಲಯ ಕಟ್ಟುತ್ತಿದ್ದಾರೆ.

ಎಲ್ಲ ಸುಖವಾಗಿ ಮುಗಿಯಿತು ಎಂದರೆ ಅಕ್ಕ ಒಪ್ಪುವುದಿಲ್ಲ. ದಿನಕ್ಕೆ ನಾನೂರ ಇಪ್ಪತ್ತು ಶೀಟು ಇನ್ನೂ ಆಗಿಲ್ಲ, ಮುನ್ನೂರ ಐವತ್ತಕ್ಕೆ ನಿಂತಿದೆ. ಒಂದೇ ಕೋಣೆಗೆ ಒಗ್ಗಿದ ಕೆಲವರು ಹಾಗೇ ಒಗ್ಗಿಹೋಗಿದ್ದಾರೆ, ಇನ್ನು ಕೆಲವರು ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುತ್ತಾರೆ. ದೋಣಿಕಟ್ಟೆಯ ಆಚೆಯ ಮಾಲೀಕರು ಸಭೆಯ ಮರುದಿನವೇ ತಮ್ಮ ಬಟ್ಟೆ ನಿಲ್ಲಿಸಿದರು. ಅವರ ಹಳದಿ ದಾರದ ಶೀಟುಗಳು ಈಗ ನಿಜವಾಗಿಯೂ ಪಕ್ಕದ ಊರಿನ ಲಾಂಡ್ರಿಗೆ ಹೋಗುತ್ತವೆ. “ಮೂವತ್ತು ಶೀಟು ಹೋಯ್ತು. ಬಾಯಿ ಮುಚ್ಚಿಕೊಂಡಿದ್ರೆ ಮನೆಯವಳೇ ಹೋಗ್ತಿದ್ಲು” ಎಂದು ಅಕ್ಕ ಹೆಗಲು ಕುಣಿಸುತ್ತಾರೆ. ಮ್ಯಾನೇಜರ ಮಾಲೀಕರು ಒಂದು ತಿಂಗಳು ಅವರ ಜತೆ ಮಾತಾಡಲಿಲ್ಲ, ಆಮೇಲೆ ಕೋಣೆ ತುಂಬಿದವು, ಮಾತೂ ಬಂತು. ದಿಂಬಿನ ಕವರುಗಳು ಈಗ ಸರಿಯಾದ ಮಗ್ಗುಲಿಗೆ ತಿರುಗಿ ಹೋಗುತ್ತಿವೆ.

ಇನ್ನೊಂದು ಬದಲಾವಣೆಯೂ ಇದೆ. ಅಕ್ಕ ಈಗ ಟವೆಲಿನ ಗಂಟನ್ನೂ ಬಿಚ್ಚಿ ಎಣಿಸುತ್ತಾರೆ. ಗುಮಾಸ್ತೆ ತಿಂಗಳಿಗೊಮ್ಮೆ ಬಂದು ಆ ಸಂಖ್ಯೆ ಕೇಳಿ, ಲಾಡ್ಜಿನವರು ಕೊಟ್ಟ ತಲೆಲೆಕ್ಕದ ಪಕ್ಕದಲ್ಲಿಟ್ಟು ನೋಡುತ್ತಾಳೆ. ಅಕ್ಕ ಟವೆಲಿನ ಕೂಲಿಯನ್ನೂ ಏರಿಸಿದ್ದಾರೆ. ಮೊದಲು ಆರು ಟವೆಲಿಗೆ ಒಂದು ಶೀಟಿನ ಕೂಲಿ ಇತ್ತು, ಈಗ ನಾಲ್ಕಕ್ಕೆ. ಮಾಲೀಕರು ಗೊಣಗಿದರು, ಕೊಟ್ಟರು.

ಬಿಸಿಲು ಏರಿದೆ. ಕುಣಿಯುವ ಯಂತ್ರ ನೀರು ಹಿಂಡಲು ಶುರು ಮಾಡುತ್ತದೆ, ಅಕ್ಕ ಲೋಟ ಹಿಡಿದು ಅದರ ಮೇಲೆ ಹತ್ತಿ ಕೂರುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಅಲುಗಾಡುತ್ತಲೇ ಯೋಚಿಸುತ್ತಾರೆ. ಹೊಸ ಯಂತ್ರ ಎನ್ನುತ್ತಾರೇನೋ ಎಂದುಕೊಂಡರೆ, ಅದಲ್ಲ. ಮೂವತ್ತೊಂದು ವರ್ಷದಿಂದ ಲಾಡ್ಜುಗಳ ಬಟ್ಟೆ ಒಗೆದಿದ್ದಾರೆ, ಒಂದು ದಿನವೂ ಲಾಡ್ಜಿನಲ್ಲಿ ಮಲಗಿಲ್ಲ. ಮ್ಯಾನೇಜರು ಸರೋವರ ಕಾಣುವ ಕೋಣೆಯನ್ನು ಪುಕ್ಕಟೆ ಕೊಡುತ್ತೇನೆ ಎಂದಿದ್ದಾರೆ. ಅಕ್ಕ ಬೇಡ ಎಂದಿದ್ದಾರೆ.

“ಪುಕ್ಕಟೆ ಕೋಣೆ ಯಾಕೆ? ಮಳೆಗಾಲ ಶುರುವಾಗಲಿ, ಕೈ ಖಾಲಿ ಇರುತ್ತೆ. ನಾನೂ ಇವಳೂ ಹೋಗ್ತೀವಿ. ಬಾಡಿಗೆ ಕೊಟ್ಟು, ಎರಡು ತಲೆಗೆ ತೆರಿಗೆ ಕಟ್ಟಿ, ರಸೀತಿ ತಗೊಂಡೇ ಮಲಗ್ತೀವಿ. ಒಂದು ಸಲ ನಾವೂ ಊರಿನ ಲೆಕ್ಕಕ್ಕೆ ಬರಬೇಕಲ್ಲ.”

ಹಗ್ಗದ ಸಾಲಿನ ಆಚೆಯಿಂದ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ನಾದಿನಿ ಕೇಳುತ್ತಾಳೆ, “ಮಾರನೇ ದಿನ ಆ ಶೀಟು ಒಗೆಯೋರು ಯಾರು ಅತ್ತಿಗೆ?”

“ನೀನೇ ಕಣೆ” ಎನ್ನುತ್ತಾರೆ ಅಕ್ಕ. “ಎಲ್ಲಿಗೂ ಕಳಿಸದೆ ನಿನ್ನನ್ನ ಇಟ್ಕೊಂಡಿರೋದು ಮತ್ತೆ ಯಾಕೆ ಅಂದ್ಕೊಂಡೆ?”